ಫ್ರೀರೆನ್: ಹಳೆಯ ಅಭಿಮಾನಿಗಳು ಮೆಚ್ಚಿದ ಹೊಸ ಅನಿಮೆ ಹಾಗೂ ಕನ್ನಡ ಧ್ವನಿಯ ಪ್ರಶ್ನೆ

ಜಪಾನಿನ ದೂರದರ್ಶನದಲ್ಲಿ ಪ್ರತಿ ವರ್ಷ ನೂರಕ್ಕೂ ಹೆಚ್ಚು ಹೊಸ ಅನಿಮೆ ಸರಣಿಗಳು ಪ್ರಸಾರವಾಗುತ್ತವೆ. ಅವುಗಳಲ್ಲಿ ಬಹುಪಾಲು ಮರುವರ್ಷದ ಹೊತ್ತಿಗೆ ಮರೆತುಹೋಗುತ್ತವೆ. ಎರಡು ಮೂರು ದಶಕಗಳಿಂದ ಈ ಪ್ರಕಾರವನ್ನು ನೋಡುತ್ತ ಬಂದ ಅಭಿಮಾನಿಗಳು ಒಂದು ಹೊಸ ಸರಣಿಯತ್ತ ಬೆರಳು ಮಾಡಿ ‘ಈ ವರ್ಷಕ್ಕೆ ಇದೇ’ ಎಂದು ಹೇಳುವುದು ಅಪರೂಪ. 2023ರ ಸೆಪ್ಟೆಂಬರ್ 29ರಂದು ಆರಂಭವಾದ ‘ಸೋಸೋ ನೋ ಫ್ರೀರೆನ್’ ಅಂತಹ ಅಪರೂಪದ ಮನ್ನಣೆ ಪಡೆದ ಕೃತಿ.

ಕರ್ನಾಟಕದಲ್ಲಿಯೂ ಅನಿಮೆಗೆ ದೊಡ್ಡ ಅಭಿಮಾನಿ ಬಳಗವಿದೆ. ಆದರೆ ಹೊಸ ಸರಣಿಯೊಂದು ಇಲ್ಲಿನ ನೋಡುಗರನ್ನು ತಲುಪುವುದು ಸಾಮಾನ್ಯವಾಗಿ ಪರಭಾಷೆಯ ಧ್ವನಿಯ ಮೂಲಕ, ಇಲ್ಲವೇ ಇಂಗ್ಲಿಷ್ ಅಡಿಬರಹದ ಮೂಲಕ. ಕನ್ನಡದ ಮಟ್ಟಿಗೆ ಈ ಕೊರತೆಗೆ ಅರ್ಧ ಶತಮಾನದ ಹಿನ್ನೆಲೆಯಿದೆ. ಫ್ರೀರೆನ್ ಸರಣಿಯ ಪರಿಚಯದೊಂದಿಗೆ ಆ ಹಿನ್ನೆಲೆಯನ್ನೂ ಇಲ್ಲಿ ನೀಡಲಾಗಿದೆ.

ಅನಿಮೆ ಎಂದರೇನು?

‘ಆನಿಮೇಷನ್’ ಎಂಬ ಇಂಗ್ಲಿಷ್ ಪದವನ್ನು ಜಪಾನೀಯರು ಮೊಟಕುಗೊಳಿಸಿಕೊಂಡ ರೂಪವೇ ಅನಿಮೆ. ಜಪಾನಿನಲ್ಲಿ ಎಲ್ಲ ಬಗೆಯ ಚಲಿಸುವ ಚಿತ್ರಕಥೆಗಳಿಗೂ ಇದೇ ಹೆಸರು. ಹೊರನಾಡುಗಳಲ್ಲಿ ಮಾತ್ರ ಇದು ಜಪಾನಿನ ಕೃತಿಗಳಿಗೆ ಸೀಮಿತವಾಗಿದೆ.

ಈ ಪ್ರಕಾರಕ್ಕೆ ದೂರದರ್ಶನದಲ್ಲಿ ಭದ್ರವಾದ ಅಡಿಪಾಯ ಹಾಕಿದವರು ಚಿತ್ರಕಥೆಗಾರ ಒಸಾಮು ತೆಜುಕಾ. ಅವರ ‘ತೆತ್ಸುವಾನ್ ಆತೊಮು’ 1963ರ ಜನವರಿ 1ರಂದು ವಾರಕ್ಕೆ ಅರ್ಧ ಗಂಟೆಯ ಸರಣಿಯಾಗಿ ಆರಂಭವಾಯಿತು. ಇಂಗ್ಲಿಷಿನಲ್ಲಿ ಇದೇ ‘ಆಸ್ಟ್ರೋ ಬಾಯ್’ ಆಯಿತು. ವಾರಕ್ಕೊಂದು ಕಂತು ಸಿದ್ಧಪಡಿಸಲು ಹಣವೂ ಸಮಯವೂ ಸಾಲದಿದ್ದಾಗ ತೆಜುಕಾ ತಂಡ ಕಡಿಮೆ ಚಿತ್ರಗಳಲ್ಲಿ ಹೆಚ್ಚು ಕಥೆ ಹೇಳುವ ಉಪಾಯ ಕಂಡುಕೊಂಡಿತು. ನಿಶ್ಚಲ ಹಿನ್ನೆಲೆ, ಬಾಯಿ ಮಾತ್ರ ಅಲುಗುವ ಮುಖ, ದೀರ್ಘ ಮೌನ ಮೊದಲಾದವು ಮಿತವ್ಯಯಕ್ಕಾಗಿ ಹುಟ್ಟಿ ಮುಂದೆ ಶೈಲಿಯೇ ಆದವು.

ಜಪಾನಿನಲ್ಲಿ ಹೊಸ ಸರಣಿಗಳು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ತಂಡತಂಡವಾಗಿ ಆರಂಭವಾಗುತ್ತವೆ. ಒಂದು ಋತುವಿಗೆ 12 ಅಥವಾ 13 ಕಂತು. ಪ್ರಕಾಶಕರು, ದೂರದರ್ಶನ ಸಂಸ್ಥೆ, ಸಂಗೀತ ಸಂಸ್ಥೆ, ವಿತರಕರು ಸೇರಿ ರಚಿಸಿಕೊಳ್ಳುವ ‘ನಿರ್ಮಾಣ ಸಮಿತಿ’ ಬಂಡವಾಳ ಹೂಡುತ್ತದೆ. ಒಂದು ಋತುವಿನಲ್ಲಿ ಗಮನ ಸೆಳೆಯದ ಸರಣಿಗೆ ಎರಡನೆಯ ಅವಕಾಶ ದೊರೆಯುವುದು ಕಷ್ಟ. ಅನಿಮೆ ಮಕ್ಕಳಿಗೆ ಮಾತ್ರ ಮೀಸಲು ಎಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿದೆ. ವಾಸ್ತವದಲ್ಲಿ ಅದರ ದೊಡ್ಡ ಪಾಲು ಹರೆಯದವರಿಗಾಗಿ, ವಯಸ್ಕರಿಗಾಗಿ ರೂಪುಗೊಂಡದ್ದು.

ಫ್ರೀರೆನ್ ಕಥೆ

ವೀರ ಹಿಮ್ಮೆಲ್, ಧರ್ಮಗುರು ಹೈಟರ್, ಕುಬ್ಜ ಕುಲದ ಯೋಧ ಐಸೆನ್ ಮತ್ತು ಮಾಂತ್ರಿಕೆ ಫ್ರೀರೆನ್. ಈ ನಾಲ್ವರು ಹತ್ತು ವರ್ಷ ಅಲೆದು ಅಸುರರಾಜನನ್ನು ಸೋಲಿಸಿ ರಾಜಧಾನಿಗೆ ಮರಳುತ್ತಾರೆ. ಸಾಮಾನ್ಯ ಸಾಹಸಕಥೆ ಮುಗಿಯುವುದು ಇಲ್ಲಿಗೆ. ಫ್ರೀರೆನ್ ಕಥೆ ಆರಂಭವಾಗುವುದು ಇಲ್ಲಿಂದ.

ಫ್ರೀರೆನ್ ‘ಎಲ್ಫ್’ ಎಂಬ ದೀರ್ಘಾಯುಷಿ ಕುಲದವಳು. ಸಾವಿರಕ್ಕೂ ಹೆಚ್ಚು ವರ್ಷ ಬದುಕಿದ ಆಕೆಗೆ ಹತ್ತು ವರ್ಷ ಕಣ್ಣು ಮಿಟುಕಿಸಿದಷ್ಟೇ ಸಮಯ. ಮರಳಿದ ರಾತ್ರಿ ನಾಲ್ವರೂ ಐವತ್ತು ವರ್ಷಕ್ಕೊಮ್ಮೆ ಬರುವ ಉಲ್ಕಾವೃಷ್ಟಿಯನ್ನು ನೋಡುತ್ತಾರೆ. ಮುಂದಿನ ಬಾರಿ ಇದಕ್ಕಿಂತ ಚೆನ್ನಾಗಿ ಕಾಣುವ ಜಾಗ ತೋರಿಸುವೆನೆಂದು ಆಕೆ ಸಹಜವಾಗಿ ಮಾತು ಕೊಡುತ್ತಾಳೆ. ಐವತ್ತು ವರ್ಷಗಳ ಬಳಿಕ ಹಿಂದಿರುಗಿದಾಗ ಹಿಮ್ಮೆಲ್ ಮುದುಕನಾಗಿದ್ದಾನೆ. ಕೊಟ್ಟ ಮಾತು ನಡೆಯುತ್ತದೆ. ಅದಾದ ಸ್ವಲ್ಪ ಕಾಲಕ್ಕೆ ಹಿಮ್ಮೆಲ್ ತೀರಿಕೊಳ್ಳುತ್ತಾನೆ.

ಅಂತ್ಯಸಂಸ್ಕಾರದಲ್ಲಿ ಫ್ರೀರೆನ್ ಮೊದಲ ಬಾರಿಗೆ ಅಳುತ್ತಾಳೆ. ಹತ್ತು ವರ್ಷ ಜತೆಗಿದ್ದೂ ಆತನ ಬಗ್ಗೆ ತನಗೆ ಏನೂ ತಿಳಿಯದು, ತಿಳಿಯಲು ಯತ್ನಿಸಲೂ ಇಲ್ಲ ಎಂಬುದು ಆಕೆಯ ದುಃಖ. ಮನುಷ್ಯರನ್ನು ಅರಿಯಬೇಕೆಂದು ಆಕೆ ಮತ್ತೆ ಪ್ರಯಾಣ ಹೊರಡುತ್ತಾಳೆ. ಹೈಟರ್ ಸಾಕಿದ ಅನಾಥ ಹುಡುಗಿ ಫೆರ್ನ್ ಶಿಷ್ಯೆಯಾಗುತ್ತಾಳೆ. ಐಸೆನ್‌ನ ಶಿಷ್ಯ ಸ್ಟಾರ್ಕ್ ಮುಂದೆ ಜತೆಗೂಡುತ್ತಾನೆ. ಹಿಂದೆ ನಡೆದ ದಾರಿಯಲ್ಲೇ ಉತ್ತರದ ತುದಿಗೆ, ಸತ್ತವರ ಆತ್ಮಗಳು ನೆಲೆಸಿರುವವೆನ್ನಲಾದ ನಾಡಿಗೆ ಹೋಗಿ ಹಿಮ್ಮೆಲ್‌ನೊಡನೆ ಮಾತನಾಡುವುದು ಗುರಿ.

ಚಿರಂಜೀವಿಗಳ ಕಲ್ಪನೆಯುಳ್ಳ ಭಾರತೀಯ ಓದುಗರಿಗೆ ಈ ವಸ್ತು ಅಪರಿಚಿತವಲ್ಲ. ಮುಖ್ಯ ಪಾತ್ರಗಳ ಹೆಸರುಗಳೆಲ್ಲ ಜರ್ಮನ್ ಪದಗಳು. ಹಿಮ್ಮೆಲ್ ಎಂದರೆ ಆಕಾಶ, ಐಸೆನ್ ಎಂದರೆ ಕಬ್ಬಿಣ, ಹೈಟರ್ ಎಂದರೆ ಉಲ್ಲಾಸಿ, ಫೆರ್ನ್ ಎಂದರೆ ದೂರ, ಸ್ಟಾರ್ಕ್ ಎಂದರೆ ಬಲಿಷ್ಠ. ಫ್ರೀರೆನ್ ಎಂದರೆ ಹೆಪ್ಪುಗಟ್ಟುವುದು. ಶೀರ್ಷಿಕೆಯ ‘ಸೋಸೋ’ ಪದಕ್ಕೆ ಶವಯಾತ್ರೆಯಲ್ಲಿ ಕಳುಹಿಸಿಕೊಡುವುದು ಎಂಬರ್ಥವಿದೆ. ಅಸುರರನ್ನು ಸಂಹರಿಸಿದವಳು, ಗೆಳೆಯರನ್ನು ಮಣ್ಣಿಗೆ ಕಳುಹಿಸಿಕೊಟ್ಟವಳು ಎಂಬ ಎರಡೂ ಅರ್ಥಗಳು ಅದರಲ್ಲಿವೆ.

ನಿರ್ಮಾಣ ಮತ್ತು ಪ್ರಸಾರ

ಸರಣಿಗೆ ಆಧಾರವಾದ ಚಿತ್ರಕಥೆ, ಅಂದರೆ ಮಾಂಗಾ, 2020ರ ಏಪ್ರಿಲ್‌ನಿಂದ ಶೋಗಾಕುಕಾನ್ ಪ್ರಕಾಶನದ ವಾರಪತ್ರಿಕೆಯಲ್ಲಿ ಪ್ರಕಟವಾಗತೊಡಗಿತು. ಕಥೆ ಕಾನೆಹಿತೊ ಯಾಮಾದಾ, ಚಿತ್ರ ತ್ಸುಕಾಸಾ ಆಬೆ. 2021ರಲ್ಲಿ ಇದಕ್ಕೆ ಮಾಂಗಾ ತೈಶೋ ಪ್ರಶಸ್ತಿಯೂ ತೆಜುಕಾ ಹೆಸರಿನ ಸಾಂಸ್ಕೃತಿಕ ಪ್ರಶಸ್ತಿಯ ಹೊಸ ಲೇಖಕರ ವಿಭಾಗದ ಗೌರವವೂ ಸಂದವು.

ಅನಿಮೆ ರೂಪವನ್ನು 1972ರಲ್ಲಿ ಸ್ಥಾಪನೆಯಾದ ಮ್ಯಾಡ್‌ಹೌಸ್ ಸ್ಟುಡಿಯೊ ನಿರ್ಮಿಸಿತು. ನಿಪ್ಪಾನ್ ಟಿವಿ ಶುಕ್ರವಾರ ರಾತ್ರಿ ಚಲನಚಿತ್ರಗಳಿಗೆ ಮೀಸಲಿಟ್ಟಿದ್ದ ಸಮಯದಲ್ಲಿ ಮೊದಲ ನಾಲ್ಕು ಕಂತುಗಳನ್ನು ಎರಡು ಗಂಟೆಯ ವಿಶೇಷವಾಗಿ ಒಟ್ಟಿಗೆ ಪ್ರಸಾರ ಮಾಡಿತು. ಹೊಸ ಸರಣಿಯೊಂದಕ್ಕೆ ಇಂತಹ ಸ್ಥಾನ ದೊರೆತದ್ದು ವಿಶೇಷ. ಉಳಿದ ಕಂತುಗಳು ಶುಕ್ರವಾರ ರಾತ್ರಿ 11 ಗಂಟೆಗೆ ಬಂದವು.

ಒಂದು ನೋಟದಲ್ಲಿ
ಮೂಲ ಹೆಸರು: ಸೋಸೋ ನೋ ಫ್ರೀರೆನ್
ನಿರ್ದೇಶನ: ಕೇಯಿಚಿರೊ ಸಾಯಿತೊ
ಚಿತ್ರಕಥಾ ಸಂಯೋಜನೆ: ತೊಮೊಹಿರೊ ಸುಜುಕಿ
ಸಂಗೀತ: ಇವಾನ್ ಕಾಲ್
ಫ್ರೀರೆನ್ ಪಾತ್ರದ ಧ್ವನಿ: ಅತ್ಸುಮಿ ತಾನೆಜಾಕಿ
ಮೊದಲ ಭಾಗ: 28 ಕಂತು, 2023ರ ಸೆಪ್ಟೆಂಬರ್ 29ರಿಂದ 2024ರ ಮಾರ್ಚ್ 22ರವರೆಗೆ
ಎರಡನೆಯ ಭಾಗದ ಆರಂಭ: 2026ರ ಜನವರಿ

ಹಳೆಯ ಅಭಿಮಾನಿಗಳ ಮೆಚ್ಚುಗೆ ಏಕೆ?

ಅಂತರ್ಜಾಲದಲ್ಲಿ ಅನಿಮೆ ನೋಡುಗರು ಅಂಕ ನೀಡುವ ತಾಣಗಳಲ್ಲಿ ‘ಮೈ ಅನಿಮೆ ಲಿಸ್ಟ್’ ಪ್ರಮುಖವಾದುದು. ಅದರ ಪಟ್ಟಿಯಲ್ಲಿ 2009ರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ ದೀರ್ಘಕಾಲ ಅಗ್ರಸ್ಥಾನದಲ್ಲಿತ್ತು. ಫ್ರೀರೆನ್ ತನ್ನ ಪ್ರಸಾರ ಕಾಲದಲ್ಲಿಯೇ ಅದನ್ನು ಹಿಂದಿಕ್ಕಿತು.

ಇದಕ್ಕೆ ಕಾರಣ ಸರಣಿಯ ವಸ್ತುವಿನಲ್ಲಿಯೇ ಇದೆ. 1990ರ ದಶಕದಲ್ಲಿ ಅಥವಾ 2000ದ ಆಸುಪಾಸಿನಲ್ಲಿ ಅನಿಮೆ ನೋಡತೊಡಗಿದ ಮಕ್ಕಳು ಈಗ ಮಧ್ಯವಯಸ್ಸಿನ ಹೊಸ್ತಿಲಲ್ಲಿದ್ದಾರೆ. ಗೆದ್ದು ಬರುವ ವೀರರ ಕಥೆಗಳನ್ನು ಅವರು ಸಾಕಷ್ಟು ನೋಡಿದ್ದಾರೆ. ಗೆದ್ದ ಮೇಲೆ ಏನಾಯಿತು, ಜತೆಗಿದ್ದವರು ಎಲ್ಲಿ ಹೋದರು ಎಂಬ ಪ್ರಶ್ನೆ ಅವರದೇ ವಯಸ್ಸಿನ ಪ್ರಶ್ನೆ. ಫ್ರೀರೆನ್ ಅದನ್ನು ಗೋಳಾಟವಿಲ್ಲದೆ ಎತ್ತುತ್ತದೆ. ಹೂದೋಟ ಅರಳಿಸುವ ಮಂತ್ರದಂತಹ, ಯುದ್ಧಕ್ಕೆ ಬಾರದ ಸಣ್ಣ ಮಂತ್ರಗಳನ್ನು ಕೂಡಿಡುವುದು ಆಕೆಯ ಹವ್ಯಾಸ. ಹಿಮ್ಮೆಲ್‌ನ ಪ್ರತಿಮೆಯ ಸುತ್ತ ಅವನ ಊರಿನ ನೀಲಿ ಹೂವನ್ನು ನೆಡಲು ಆಕೆ ತಿಂಗಳುಗಟ್ಟಲೆ ಹುಡುಕಾಡುತ್ತಾಳೆ. ಇಂತಹ ಕಂತುಗಳೇ ಸರಣಿಯ ಜೀವಾಳ.

ಆಕ್ಷೇಪಗಳೂ ಇಲ್ಲದಿಲ್ಲ. ನಡಿಗೆ ತೀರ ನಿಧಾನ ಎಂಬುದು ಒಂದು. ಉತ್ತರಾರ್ಧದಲ್ಲಿ ಬರುವ ಮಾಂತ್ರಿಕರ ಪರೀಕ್ಷೆಯ ಕಂತುಗಳು ಮಾಮೂಲಿ ಸ್ಪರ್ಧಾಕಥೆಯ ಜಾಡಿಗೆ ಮರಳಿದವು ಎಂಬುದು ಇನ್ನೊಂದು. ಅಸುರಕುಲವೆಲ್ಲ ಹುಟ್ಟಾ ವಂಚಕರು ಎಂಬ ಚಿತ್ರಣವೂ ಚರ್ಚೆಗೆ ಗುರಿಯಾಗಿದೆ.

ಭಾರತಕ್ಕೆ ಅನಿಮೆ ಬಂದ ದಾರಿ

ಭಾರತದ ಒಂದು ತಲೆಮಾರು ಅರಿಯದೆಯೇ ನೋಡಿದ ಅನಿಮೆ ಎಂದರೆ ‘ಜಂಗಲ್ ಬುಕ್’. ನಿಪ್ಪಾನ್ ಆನಿಮೇಷನ್ 1989ರಲ್ಲಿ ನಿರ್ಮಿಸಿದ 52 ಕಂತುಗಳ ಈ ಸರಣಿ 1993ರಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬಂತು. ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ಸಂಗೀತ ನೀಡಿದ ಅದರ ಶೀರ್ಷಿಕೆ ಗೀತೆ ಕರ್ನಾಟಕದ ಮಕ್ಕಳ ಬಾಯಲ್ಲಿಯೂ ನಲಿಯಿತು. ಆ ಹಿಂದಿಯ ಎಲ್ಲ ಪದಗಳೂ ಅವರಿಗೆ ಅರ್ಥವಾಗಿದ್ದವೆಂದಲ್ಲ.

1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು. 2004ರ ಜುಲೈನಲ್ಲಿ ಅನಿಮೆಗೇ ಮೀಸಲಾದ ಅನಿಮ್ಯಾಕ್ಸ್ ವಾಹಿನಿ ಆರಂಭವಾಯಿತು. ಅದೇ ವರ್ಷ ಆರಂಭವಾದ ಹಂಗಾಮಾ ವಾಹಿನಿ ಡೋರೆಮಾನ್, ಶಿನ್‌ಚಾನ್ ಪಾತ್ರಗಳನ್ನು ಮನೆಮಾತಾಗಿಸಿತು. 2017ರಲ್ಲಿ ಅನಿಮ್ಯಾಕ್ಸ್ ಭಾರತೀಯ ದೂರದರ್ಶನದಿಂದ ಮರೆಯಾದ ಬಳಿಕ ಹರೆಯದವರ ಅನಿಮೆ ಬಹುತೇಕ ಅಂತರ್ಜಾಲಕ್ಕೆ ವಲಸೆ ಹೋಯಿತು.

2019ರಲ್ಲಿ ನಡೆದ ಒಂದು ಘಟನೆ ಗಮನಾರ್ಹ. ಮಕೊತೊ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯೂ’ ಚಿತ್ರವನ್ನು ಭಾರತದಲ್ಲಿ ಬಿಡುಗಡೆ ಮಾಡುವಂತೆ ಅಭಿಮಾನಿಗಳು 50,000ಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಚಿತ್ರ ಇಲ್ಲಿನ ಚಿತ್ರಮಂದಿರಗಳಿಗೆ ಬಂತು. ಕೇಳುವವರಿದ್ದಾರೆಂದು ತೋರಿಸಿದರೆ ವಿತರಕರು ಕಿವಿಗೊಡುತ್ತಾರೆ ಎಂಬುದಕ್ಕೆ ಇದು ನಿದರ್ಶನ.

ಆಮೇಲಿನ ಬೆಳವಣಿಗೆ ವೇಗವಾಗಿ ನಡೆಯಿತು. 2024ರ ಜನವರಿಯಲ್ಲಿ ಆರಂಭವಾದ ‘ಸೋಲೋ ಲೆವೆಲಿಂಗ್’ ಸರಣಿಗೆ ಹಿಂದಿ, ತಮಿಳು, ತೆಲುಗು ಧ್ವನಿಗಳು ದೊರೆತವು. 2025ರ ಸೆಪ್ಟೆಂಬರ್ 12ರಂದು ಭಾರತದಲ್ಲಿ ತೆರೆಕಂಡ ‘ಡೆಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಚಿತ್ರವೂ ಜಪಾನಿ, ಇಂಗ್ಲಿಷ್ ಜತೆಗೆ ಇದೇ ಮೂರು ಭಾಷೆಗಳಲ್ಲಿ ಬಂತು. ಎರಡೂ ಪಟ್ಟಿಗಳಲ್ಲಿ ಕನ್ನಡ ಇರಲಿಲ್ಲ.

ಡಬ್ಬಿಂಗ್: ಮುಚ್ಚಿದ ಬಾಗಿಲು, ತೆರೆದ ಬಾಗಿಲು

ಕನ್ನಡ ಈ ಪಟ್ಟಿಯಿಂದ ಹೊರಗುಳಿದದ್ದಕ್ಕೆ ಮಾರುಕಟ್ಟೆಯ ಲೆಕ್ಕಾಚಾರವೊಂದೇ ಕಾರಣವಲ್ಲ. 1956ರ ಏಕೀಕರಣದ ಬಳಿಕವೂ ಕನ್ನಡ ಚಿತ್ರೋದ್ಯಮ ಮದರಾಸಿನ ಸ್ಟುಡಿಯೊಗಳನ್ನು ಅವಲಂಬಿಸಿತ್ತು. ತೆಲುಗು, ತಮಿಳು, ಹಿಂದಿ ಚಿತ್ರಗಳು ಕಡಿಮೆ ಖರ್ಚಿನಲ್ಲಿ ಕನ್ನಡಕ್ಕೆ ಡಬ್ ಆಗಿ ಬರುತ್ತಿದ್ದಾಗ ಸ್ವಂತ ಕನ್ನಡ ಚಿತ್ರಗಳಿಗೆ ಉಳಿಗಾಲವಿಲ್ಲವೆಂಬ ಆತಂಕ ಹುಟ್ಟಿತು. 1960ರ ದಶಕದ ಆರಂಭದಲ್ಲಿ ಅ.ನ.ಕೃಷ್ಣರಾಯರು, ಮ.ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ವಿರುದ್ಧ ದನಿ ಎತ್ತಿದರು. ಆ ದಶಕದ ನಡುವಿಗೆ ಡಬ್ಬಿಂಗ್ ಚಿತ್ರಗಳು ನಿಂತುಹೋದವು.

ಅದು ಕಾನೂನಾಗಿರಲಿಲ್ಲ, ಉದ್ಯಮ ಒಪ್ಪಿ ನಡೆಸಿಕೊಂಡು ಬಂದ ಕಟ್ಟುಪಾಡು. ಅದರ ನೆರಳಿನಲ್ಲಿ ಕನ್ನಡ ಚಿತ್ರರಂಗ ಸ್ವಂತ ಕಲಾವಿದರನ್ನೂ ತಂತ್ರಜ್ಞರನ್ನೂ ಬೆಳೆಸಿಕೊಂಡಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕಾಲ ಬದಲಾದರೂ ಕಟ್ಟುಪಾಡು ಸಡಿಲಲಿಲ್ಲ. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೆ’ ಕಾರ್ಯಕ್ರಮ ಅನ್ಯಭಾಷೆಗಳಿಗೆ ಡಬ್ ಆದರೂ ಕನ್ನಡಕ್ಕೆ ಬರಲಾಗಲಿಲ್ಲ. ಮಕ್ಕಳ ಕಾರ್ಟೂನ್ ಮಾತ್ರ ಇದಕ್ಕೆ ಅಪವಾದ. ಸನ್ ಸಮೂಹ 2009ರಲ್ಲಿ ಆರಂಭಿಸಿದ ಚಿಂಟು ಟಿವಿಯಲ್ಲಿ ವಿದೇಶಿ ಕಾರ್ಟೂನ್‌ಗಳು ಕನ್ನಡ ಮಾತನಾಡಿದವು.

ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ ತೀರ್ಪು ನೀಡಿತು. ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧವೆಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಉದ್ಯಮದ ಸಂಘಟನೆಗಳಿಗೆ ದಂಡ ವಿಧಿಸಿತು. 2017ರ ಮಾರ್ಚ್‌ನಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ತೆರೆಕಂಡಿತು. 2020ರ ಲಾಕ್‌ಡೌನ್ ಕಾಲದಲ್ಲಿ ಸ್ಟಾರ್ ಸುವರ್ಣ ವಾಹಿನಿಯ ಕನ್ನಡ ‘ಮಹಾಭಾರತ’ ಮನೆಮನೆಯಲ್ಲಿ ಓಡಿತು. 2025ರ ಜುಲೈನಲ್ಲಿ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ಆನಿಮೇಷನ್ ಚಿತ್ರ ‘ಮಹಾವತಾರ್ ನರಸಿಂಹ’ ಕನ್ನಡದಲ್ಲಿಯೂ ಬಿಡುಗಡೆಯಾಯಿತು.

ಅಂದರೆ ಬಾಗಿಲು ತೆರೆದು ವರ್ಷಗಳೇ ಕಳೆದಿವೆ. ಅನಿಮೆಯ ಹೊಸ ಸರಣಿಗಳು ಆ ಬಾಗಿಲಿನಿಂದ ಬರಬೇಕಷ್ಟೆ.

ಗಡಿನಾಡಿನಲ್ಲಿ ಪ್ರಶ್ನೆ ತೀವ್ರ

ಬೆಂಗಳೂರಿನ ಇಂಗ್ಲಿಷ್ ಬಲ್ಲ ಅಭಿಮಾನಿಗೆ ಈ ಕೊರತೆ ಅಷ್ಟಾಗಿ ತಟ್ಟದು. ತಟ್ಟುವುದು ಗಡಿ ಭಾಗದಲ್ಲಿ. ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮುಧೋಳ ತೆಲಂಗಾಣದ ಗಡಿಗೆ ಸಮೀಪದ ಊರು. ಬೇಟೆನಾಯಿಗೆ ಹೆಸರಾದ ಬಾಗಲಕೋಟೆ ಜಿಲ್ಲೆಯ ಮುಧೋಳ ಬೇರೆ, ಇದು ಬೇರೆ. 1956ಕ್ಕೆ ಮುನ್ನ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಕನ್ನಡದೊಂದಿಗೆ ತೆಲುಗು, ದಖನಿ ಉರ್ದು, ತಾಂಡಾಗಳ ಲಂಬಾಣಿ ಮಾತು ಬೆರೆತಿವೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಹಿಂದಿ ಭಾಷಿಕರನ್ನೂ ಕರೆತಂದಿವೆ.

ಇಂತಹ ಊರಿನ ಮಗುವಿಗೆ ಹೊಸ ಅನಿಮೆ ತೆಲುಗಿನಲ್ಲಿ ಸಿಗುತ್ತದೆ, ಹಿಂದಿಯಲ್ಲಿ ಸಿಗುತ್ತದೆ. ಶಾಲೆಯಲ್ಲಿ ಕಲಿಯುವ ಕನ್ನಡದಲ್ಲಿ ಸಿಗುವುದಿಲ್ಲ. ಹಲವು ಭಾಷೆ ಬಲ್ಲುದು ಈ ನೆಲದ ಸಂಪತ್ತು. ಅದರ ಬಗ್ಗೆ ದೂರಿಲ್ಲ. ಆದರೆ ಕನ್ನಡ ಪಾಠಕ್ಕೆ, ಅನ್ಯಭಾಷೆ ಆಟಕ್ಕೆ ಎಂಬ ಹಂಚಿಕೆ ಎಳವೆಯಲ್ಲಿಯೇ ಗಟ್ಟಿಯಾದರೆ ಪರೀಕ್ಷೆ ಮುಗಿದ ಮೇಲೆ ಕನ್ನಡಕ್ಕೆ ಉಳಿಯುವ ಸ್ಥಾನವೇನು ಎಂಬುದು ಚಿಂತಿಸಬೇಕಾದ ವಿಷಯ.

ಅನ್ಯಭಾಷೆಯದನ್ನು ಕನ್ನಡಕ್ಕೆ ಒಗ್ಗಿಸುವುದು ಈ ನೆಲಕ್ಕೆ ಹೊಸತೂ ಅಲ್ಲ. ಇದೇ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮಳಖೇಡವಿದೆ. ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ ಉಪಲಬ್ಧ ಕನ್ನಡ ಕೃತಿಗಳಲ್ಲಿ ಮೊದಲನೆಯದು. ಸಂಸ್ಕೃತದ ದಂಡಿಯ ‘ಕಾವ್ಯಾದರ್ಶ’ದಿಂದ ಬಹಳಷ್ಟನ್ನು ಪಡೆದು, ಅದನ್ನು ಕನ್ನಡದ ಜಾಯಮಾನಕ್ಕೆ ತಕ್ಕಂತೆ ಮಾರ್ಪಡಿಸಿದ ಗ್ರಂಥವದು.

ಕನ್ನಡಕ್ಕೆ ಒಗ್ಗುವುದೇ?

ಭಾಷೆಯ ದೃಷ್ಟಿಯಿಂದ ನೋಡಿದರೆ ಜಪಾನಿ ಸಂಭಾಷಣೆಗೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರ. ಎರಡು ಭಾಷೆಗಳಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಪಾತ್ರವೊಂದು ಅರ್ಧ ವಾಕ್ಯಕ್ಕೆ ತಡೆದು ನಿಂತರೆ ಮುಖ್ಯವಾದ ಮಾತು ಇನ್ನೂ ಬಾಯಿಯಲ್ಲೇ ಉಳಿದಿರುತ್ತದೆ. ಇಂಗ್ಲಿಷಿನಲ್ಲಿ ಆ ಮಾತು ಆಗಲೇ ಬಂದುಹೋಗಿರುತ್ತದೆ. ಮೌನವನ್ನೇ ನೆಚ್ಚಿದ ಫ್ರೀರೆನ್‌ನಂತಹ ಸರಣಿಗೆ ಇದು ಸಣ್ಣ ಸಂಗತಿಯಲ್ಲ.

ಗೌರವಸೂಚಕಗಳ ವಿಷಯವೂ ಹೀಗೆಯೇ. ಫೆರ್ನ್ ತನ್ನ ಗುರುವನ್ನು ‘ಫ್ರೀರೆನ್ ಸಾಮಾ’ ಎಂದೂ, ಓರಗೆಯ ಸ್ಟಾರ್ಕ್‌ನನ್ನು ‘ಸ್ಟಾರ್ಕ್ ಸಾಮಾ’ ಎಂದೂ ಕರೆಯುತ್ತಾಳೆ. ಅವನನ್ನು ಗದರಿಸುವಾಗಲೂ ಈ ಮರ್ಯಾದೆ ತಪ್ಪುವುದಿಲ್ಲ. ನಗೆ ಉಕ್ಕುವುದು ಅಲ್ಲಿಯೇ. ಇಂಗ್ಲಿಷಿನಲ್ಲಿ ಹೆಸರಿಗೊಂದು ಬಿರುದು ಸೇರಿಸಬಹುದು, ಕ್ರಿಯಾಪದದಲ್ಲಿ ಗೌರವ ತೋರಿಸಲಾಗದು. ಕನ್ನಡದಲ್ಲಿ ‘ನೀವು’, ‘ಏಳಿ’, ‘ಬನ್ನಿ’ ಎಂಬ ರೂಪಗಳೇ ಸಾಕು. ಕಲಬುರಗಿ ಕಡೆಯ ‘ರೀ’ ಸೇರಿದರೆ ಮುನಿಸು, ಮರ್ಯಾದೆ ಎರಡೂ ಒಂದೇ ಉಸಿರಿನಲ್ಲಿ ಕೇಳಿಸುತ್ತವೆ.

ತಾಂತ್ರಿಕವಾಗಿಯೂ ತೊಡಕು ಕಡಿಮೆ. ಜೀವಂತ ನಟರ ತುಟಿಗೆ ಮಾತು ಹೊಂದಿಸುವುದಕ್ಕಿಂತ ಅನಿಮೆಯ ಸರಳ ಬಾಯಿ ಚಲನೆಗೆ ಹೊಂದಿಸುವುದು ಸುಲಭ. ಸಂಗೀತ ಮತ್ತು ಪರಿಣಾಮ ಧ್ವನಿಗಳನ್ನು ಮಾತಿನಿಂದ ಬೇರ್ಪಡಿಸಿದ ಪಟ್ಟಿಕೆಯನ್ನು ಹಕ್ಕುದಾರರಿಂದ ಪಡೆದು, ಅನುವಾದಿಸಿದ ಸಂಭಾಷಣೆಯನ್ನು ಕಲಾವಿದರಿಂದ ಹೇಳಿಸಿ ಬೆರೆಸುವುದು ಈ ಕೆಲಸದ ಕ್ರಮ. ಇದಕ್ಕೆ ಬೇಕಾದ ಸ್ಟುಡಿಯೊಗಳೂ ಕಂಠದಾನ ಕಲಾವಿದರೂ ಬೆಂಗಳೂರಿನಲ್ಲಿದ್ದಾರೆ. ಜಪಾನಿಯಿಂದ ನೇರವಾಗಿ ಕನ್ನಡಕ್ಕೆ ತರಬಲ್ಲ ಅನುವಾದಕರನ್ನು ಬೆಳೆಸುವುದೇ ಹೆಚ್ಚಿನ ಶ್ರಮದ ಕೆಲಸ.

ಆಗಬೇಕಾದದ್ದು

ಹಕ್ಕುದಾರರು ಭಾಷೆಯೊಂದನ್ನು ಆರಿಸುವುದು ಬೇಡಿಕೆ ನೋಡಿ. ಕನ್ನಡಿಗರು ಹಿಂದಿ, ತೆಲುಗು, ಇಂಗ್ಲಿಷ್ ಧ್ವನಿಯಲ್ಲಿಯೇ ನೋಡುತ್ತ ಹೋದರೆ ಅವರ ಸಂಖ್ಯೆ ಆಯಾ ಭಾಷೆಯ ಲೆಕ್ಕಕ್ಕೆ ಸೇರುತ್ತದೆ. ಕನ್ನಡದ ಲೆಕ್ಕ ಸೊನ್ನೆಯಾಗಿಯೇ ಉಳಿಯುತ್ತದೆ. 2019ರ ಸಹಿ ಸಂಗ್ರಹ ಬೇಡಿಕೆಯನ್ನು ಕಾಣುವಂತೆ ಮಾಡಿದ ಒಂದು ಬಗೆ. ಮೊದಲ ಹೆಜ್ಜೆಯಾಗಿ ಕನ್ನಡ ಅಡಿಬರಹವನ್ನಾದರೂ ಕೇಳಬಹುದು. ಧ್ವನಿಗಿಂತ ಅದಕ್ಕೆ ತಗಲುವ ವೆಚ್ಚ ಕಡಿಮೆ. ಕನ್ನಡ ಓದು ಕಲಿತ ಮಗುವಿಗೆ ಅದು ಓದಿನ ಅಭ್ಯಾಸವೂ ಆಗುತ್ತದೆ.

ಕನ್ನಡ ಧ್ವನಿ ಬಂದರೆ ಸ್ವಂತ ಕನ್ನಡ ಆನಿಮೇಷನ್ ಕುಗ್ಗೀತೆಂಬ ಅಂಜಿಕೆಗೂ ಉತ್ತರ ಬೇಕು. 1960ರ ದಶಕದಲ್ಲಿ ಆ ಅಂಜಿಕೆಗೆ ಆಧಾರವಿತ್ತು, ಏಕೆಂದರೆ ಅಂದು ಡಬ್ಬಿಂಗ್ ಚಿತ್ರ ಕನ್ನಡ ಚಿತ್ರದ ಜಾಗವನ್ನು ಕಸಿಯುತ್ತಿತ್ತು. ಇಂದು ಅದು ಕಸಿಯುವುದು ಪರಭಾಷೆಯ ಧ್ವನಿಯ ಜಾಗವನ್ನು. ಮುಧೋಳದಲ್ಲಿ ಆ ಜಾಗ ಈಗಾಗಲೇ ತೆಲುಗು, ಹಿಂದಿಗಳ ಪಾಲಾಗಿದೆ.